ಮನೆಯಲ್ಲೇ ವಿಡಿಯೊ ಮಾಡುವುದು ಹೇಗೆ? ಕೆಜಿಎಫ್, ಬಂಗಾರಪೇಟೆಯವರಿಗೆ ಪೂರ್ತಿ ಮಾಹಿತಿ

ಕೆಜಿಎಫ್ ಅಂದ ತಕ್ಷಣ ಹೊರಗಿನವರಿಗೆ ಈಗ ನೆನಪಾಗುವುದು 2018ರ ಡಿಸೆಂಬರ್‌ನಲ್ಲಿ ತೆರೆಕಂಡ ಸಿನಿಮಾ. ರೀಲ್ಸ್ ಮಾಡೋಕೆ ಸೈನೈಡ್ ದಿಬ್ಬ ಹತ್ತುವವರೂ ಇದ್ದಾರೆ. ಅದು ಅದಿರು ಅರೆದು ಸೈನೈಡ್‌ನಿಂದ ಚಿನ್ನ ತೆಗೆದ ಮೇಲೆ ಉಳಿದ ಪುಡಿ. ಗಾಳಿ ಬೀಸಿದರೆ ಆ ಧೂಳು ಎದೆಗೆ ಇಳಿಯುತ್ತದೆ. ಹಳೆಯ ಶಾಫ್ಟ್‌ಗಳ ಹತ್ತಿರ ಹೋಗುವುದಂತೂ ಜೀವಕ್ಕೇ ಅಪಾಯ.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಬಿಜಿಎಂಎಲ್ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಆಗ 40 ವರ್ಷದವರಾಗಿದ್ದ ಕಾರ್ಮಿಕರು ಈಗ 60 ದಾಟಿದ್ದಾರೆ. ಕೇಜ್‌ನಲ್ಲಿ ಕೆಳಗೆ ಇಳಿದವರು, ಸುಮಾರು 3 ಕಿಲೋಮೀಟರ್ ಆಳದ ಚಾಂಪಿಯನ್ ರೀಫ್ ಗಣಿಯ ಬಿಸಿ ಕಂಡವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಮನೆಯಲ್ಲಿ ಒಂದು ಮೊಬೈಲ್ ಇದ್ದರೆ ಅವರ ಮಾತನ್ನು ಉಳಿಸಿಕೊಳ್ಳಬಹುದು. ಅಡುಗೆ, ಹಾಡು, ಹೊಲಿಗೆ, ಅಂಗಡಿ ಯಾವುದರ ವಿಡಿಯೊಗೂ ಇದೇ ಸೂತ್ರ ಸಾಕು.

ಬೆಳಕು

ದುಬಾರಿ ರಿಂಗ್ ಲೈಟ್ ಕೊಳ್ಳುವ ಮೊದಲು ಕಿಟಕಿ ಬಳಸಿ. ಮಾತಾಡುವವರು ಕಿಟಕಿ ಅಥವಾ ಬಾಗಿಲಿನ ಕಡೆಗೆ ಮುಖ ಮಾಡಿ ಕೂರಲಿ. ಕಿಟಕಿ ಬೆನ್ನ ಹಿಂದೆ ಇದ್ದರೆ ಮುಖ ಕಪ್ಪಾಗುತ್ತದೆ. ಲೈನ್ ಮನೆಗಳಲ್ಲಿ ಕಿಟಕಿ ಚಿಕ್ಕದಾಗಿದ್ದರೆ ಬಾಗಿಲ ಹತ್ತಿರವೇ ಕುರ್ಚಿ ಹಾಕಿ. ಸ್ಕ್ರೀನ್‌ನಲ್ಲಿ ಮುಖದ ಮೇಲೆ ಬೆರಳು ಒತ್ತಿ ಹಿಡಿದರೆ ಹೆಚ್ಚಿನ ಫೋನ್‌ಗಳಲ್ಲಿ ಫೋಕಸ್, ಬೆಳಕು ಎರಡೂ ಲಾಕ್ ಆಗುತ್ತವೆ.

ರಾತ್ರಿ ಟ್ಯೂಬ್‌ಲೈಟ್ ಕೆಳಗೆ ತೆಗೆದರೆ ಕೆಲವು ಸಲ ವಿಡಿಯೊ ಪಟ್ಟಿ ಪಟ್ಟಿಯಾಗಿ ಮಿನುಗುತ್ತದೆ. ನಮ್ಮ ಕರೆಂಟ್ 50 ಹರ್ಟ್ಜ್‌ನದು, ಫೋನ್ 30 ಫ್ರೇಮ್‌ನಲ್ಲಿ ಓಡುತ್ತಿರುತ್ತದೆ. ಎರಡೂ ಹೊಂದದಿದ್ದಾಗ ಹೀಗಾಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ 25 ಫ್ರೇಮ್ ಇದ್ದರೆ ಅದನ್ನು ಆರಿಸಿ. ಪ್ರೊ ಮೋಡ್ ಇದ್ದರೆ ಶಟರ್ 1/50 ಅಥವಾ 1/100ಕ್ಕೆ ಇಡಿ.

ಧ್ವನಿ

ಚಿತ್ರ ಸ್ವಲ್ಪ ಮಂಕಾದರೂ ಜನ ನೋಡುತ್ತಾರೆ, ಮಾತು ಕೇಳಿಸದಿದ್ದರೆ ಮುಂದಕ್ಕೆ ಹೋಗ್ತಾರೆ. ಫ್ಯಾನ್, ಮಿಕ್ಸಿ, ಟಿವಿ ಆಫ್ ಮಾಡಿ. ಫೋನನ್ನು ಫ್ಲೈಟ್ ಮೋಡ್‌ಗೆ ಹಾಕಿ. ಶೀಟ್ ಮನೆಯಲ್ಲಿ ಮಳೆ ಬರುವಾಗ ರೆಕಾರ್ಡ್ ಮಾಡಿ ಪ್ರಯೋಜನವಿಲ್ಲ. ಬಂಗಾರಪೇಟೆ ಜಂಕ್ಷನ್ ಸುತ್ತ ಇರುವವರು ರೈಲು ಹೋದ ಮೇಲೆ ಶುರು ಮಾಡಲಿ. ಖಾಲಿ ಕೋಣೆಯಲ್ಲಿ ಮಾತು ಗುಂಯ್‌ಗುಡುತ್ತಿದ್ದರೆ ಗೋಡೆಗೆ ಒಂದು ಕಂಬಳಿ ನೇತುಹಾಕಿ. ಕೊಳ್ಳಲೇಬೇಕು ಅಂದರೆ ಮೊದಲು ಕೊಳ್ಳಬೇಕಾದದ್ದು ಅಂಗಿಗೆ ಸಿಕ್ಕಿಸುವ ಕಾಲರ್ ಮೈಕ್.

ಹಿರಿಯರನ್ನು ಮಾತಾಡಿಸುವಾಗ

ತಮಿಳೋ, ತೆಲುಗೋ, ಕನ್ನಡವೋ, ಅವರ ಮನೆಮಾತಿನಲ್ಲೇ ಮಾತಾಡಲಿ. ಕನ್ನಡ ಸಬ್‌ಟೈಟಲ್ ಆಮೇಲೆ ಹಾಕಬಹುದು. ಕಲ್ಲಿನ ಧೂಳಿನಿಂದ ಸಿಲಿಕೋಸಿಸ್ ಆದವರಿಗೆ ಹೆಚ್ಚು ಹೊತ್ತು ಮಾತಾಡಲು ಉಸಿರು ಸಾಲದು. 10 ನಿಮಿಷಕ್ಕೊಮ್ಮೆ ನಿಲ್ಲಿಸಿ, ನೀರು ಕೊಡಿ. 'ಗಣಿ ಹೇಗಿತ್ತು' ಅಂತ ಕೇಳಿದರೆ 'ಚೆನ್ನಾಗಿತ್ತು' ಅಂತ ಮುಗಿಸಿಬಿಡ್ತಾರೆ. 'ಮೊದಲ ದಿನ ಯಾರ ಜೊತೆ ಇಳಿದಿರಿ', 'ಊಟದ ಡಬ್ಬಿಯಲ್ಲಿ ಏನಿರುತ್ತಿತ್ತು' ಅಂತ ಕೇಳಿ. ಅಜ್ಜಿಯರನ್ನೂ ಮರೆಯಬೇಡಿ. ಗಂಡ ಶಿಫ್ಟ್ ಮುಗಿಸಿ ಬರುವವರೆಗೆ ಕಾದವರು ಅವರು. ಹಳೆಯ ಸರ್ವಿಸ್ ಕಾಗದ, ಪಾಸ್‌ಬುಕ್ ತೋರಿಸುವಾಗ ಖಾತೆ ಮತ್ತು ಆಧಾರ್ ನಂಬರ್ ಕಾಣದಂತೆ ಮುಚ್ಚಿ.

ಅಂಗಡಿಯವರಿಗೆ

ಬಂಗಾರಪೇಟೆ ಪಾನಿಪೂರಿಯ ಪಾನಿ ನೀರಿನಷ್ಟೇ ತಿಳಿ. ಸ್ಟೀಲ್ ಪಾತ್ರೆಯಲ್ಲಿಟ್ಟು ತೆಗೆದರೆ ವಿಡಿಯೊದಲ್ಲಿ ಏನೂ ಕಾಣಲ್ಲ. ಗಾಜಿನ ಲೋಟಕ್ಕೆ ಸುರಿದು, ಹಿಂದೆ ಗಾಢ ಬಣ್ಣದ ಬಟ್ಟೆ ಹಾಕಿ, ಪಕ್ಕದಿಂದ ಬೆಳಕು ಬಿಡಿ. ಬಿಸಿ ತಿಂಡಿ ತೆಗೆಯುವಾಗ ಹಬೆ ಹತ್ತಿದ ಲೆನ್ಸನ್ನು ಮೆತ್ತನೆ ಬಟ್ಟೆಯಿಂದ ಒರೆಸುತ್ತಿರಿ.

ಇನ್‌ಸ್ಟಾಗ್ರಾಮ್‌ನ ಬಿಸಿನೆಸ್ ಖಾತೆಗೆ ಸಿನಿಮಾ ಹಾಡುಗಳೆಲ್ಲ ಸಿಗುವುದಿಲ್ಲ. ಬೇರೆಯವರ ಹಾಡು ಹಾಕಿದರೆ ಕಾಪಿರೈಟ್ ತಕರಾರು ಬಂದು ವಿಡಿಯೊ ಮ್ಯೂಟ್ ಆಗಬಹುದು. ಯೂಟ್ಯೂಬ್‌ನ ಆಡಿಯೊ ಲೈಬ್ರರಿಯಲ್ಲಿ ಉಚಿತ ಸಂಗೀತ ಇದೆ. ದುಡ್ಡು ಅಥವಾ ಉಚಿತ ಸಾಮಾನು ಪಡೆದು ಯಾರಾದರೂ ನಿಮ್ಮ ಅಂಗಡಿಯನ್ನು ಹೊಗಳಿ ವಿಡಿಯೊ ಮಾಡಿದರೆ ಅದು ಜಾಹೀರಾತು ಅಂತ ಅದರಲ್ಲೇ ಹೇಳಬೇಕು. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಈ ಮಾರ್ಗಸೂಚಿ ಹೊರಡಿಸಿದೆ.

ಒಪ್ಪಿಗೆ ಮೊದಲು, ಕ್ಯಾಮೆರಾ ಆಮೇಲೆ

ಸಾಲು ಮನೆಗಳಲ್ಲಿ ಒಂದು ಗೋಡೆ ಎರಡು ಮನೆಗೆ. ನಿಮ್ಮ ವಿಡಿಯೊದಲ್ಲಿ ಪಕ್ಕದ ಮನೆಯವರ ಬಾಗಿಲು, ನಲ್ಲಿ ಹತ್ತಿರ ನಿಂತ ಹೆಂಗಸರು ಬಾರದಂತೆ ಫೋನ್ ತಿರುಗಿಸಿಡಿ. ಹಿರಿಯರು ಮಾತಾಡಿದರು ಅಂದಮಾತ್ರಕ್ಕೆ ಊರಿಗೆಲ್ಲ ಹಂಚಲು ಒಪ್ಪಿದ್ದಾರೆ ಅಂತಲ್ಲ. ಪೂರ್ತಿ ತೋರಿಸಿ, ಬೇಡ ಅಂದ ಭಾಗ ತೆಗೆಯಿರಿ. ಮಕ್ಕಳ ಶಾಲೆಯ ಹೆಸರಿರುವ ಬ್ಯಾಡ್ಜ್, ಗಾಡಿ ನಂಬರ್ ತೋರಿಸಬೇಡಿ. ಒಪ್ಪಿಗೆ ಇಲ್ಲದೆ ಒಬ್ಬರ ಖಾಸಗಿ ಅಂಗಗಳ ಚಿತ್ರ ತೆಗೆದರೆ ಅಥವಾ ಹಂಚಿದರೆ ಐಟಿ ಕಾಯ್ದೆಯಡಿ 3 ವರ್ಷದವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ ಇದೆ. ಸೈಬರ್ ಅಪರಾಧದ ಸಹಾಯವಾಣಿ 1930.

ದುಡ್ಡು ಬರುತ್ತಾ?

ಯೂಟ್ಯೂಬ್ ಜಾಹೀರಾತಿನ ಪಾಲು ಸಿಗಬೇಕಾದರೆ 1,000 ಚಂದಾದಾರರು ಬೇಕು. ಜೊತೆಗೆ 12 ತಿಂಗಳಲ್ಲಿ ಜನ 4,000 ಗಂಟೆ ವೀಕ್ಷಿಸಿರಬೇಕು, ಇಲ್ಲವೇ 90 ದಿನದಲ್ಲಿ ಶಾರ್ಟ್ಸ್ 1 ಕೋಟಿ ಸಲ ನೋಡಿರಬೇಕು. ಸಾಲ ಮಾಡಿ ಕ್ಯಾಮೆರಾ ಕೊಳ್ಳುವ ಮುಂಚೆ ಈ ಲೆಕ್ಕ ನೋಡಿ.

ಜೋಪಾನ ಮಾಡುವುದು

ಎಚ್‌ಡಿ ವಿಡಿಯೊ ನಿಮಿಷಕ್ಕೆ ಸುಮಾರು 60ರಿಂದ 130 ಎಂಬಿ ಜಾಗ ತಿನ್ನುತ್ತದೆ. ಒಂದು ಗಂಟೆಯ ಮಾತುಕತೆಗೆ 8 ಜಿಬಿ ಖಾಲಿ ಇಟ್ಟುಕೊಳ್ಳಿ. ವಾಟ್ಸಾಪ್‌ನಲ್ಲಿ ಸುಮ್ಮನೆ ಕಳಿಸಿದರೆ ಗುಣಮಟ್ಟ ಇಳಿಯುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ. ಫೋನ್ ಕಳೆದರೆ, ನೀರಿಗೆ ಬಿದ್ದರೆ ವಿಡಿಯೊನೂ ಹೋಯ್ತು. ಅದಕ್ಕೇ ಒಂದು ಪ್ರತಿ ಪೆನ್‌ಡ್ರೈವ್‌ನಲ್ಲಿ, ಇನ್ನೊಂದು ಗೂಗಲ್ ಡ್ರೈವ್‌ನಲ್ಲಿ ಇರಲಿ. ಊರಿಗೆ ತೋರಿಸುವುದು ಬೇಡ ಎನಿಸಿದರೆ ಯೂಟ್ಯೂಬ್‌ಗೆ 'ಪ್ರೈವೇಟ್' ಆಗಿ ಹಾಕಿದರೂ ಆಯಿತು. ಕಡತಕ್ಕೆ ಹೆಸರು ಕೊಡುವಾಗ ಮಾತಾಡಿದವರು ಯಾರು, ಯಾವ ಶಾಫ್ಟ್‌ನಲ್ಲಿ ಕೆಲಸ ಮಾಡಿದರು, ಯಾವ ದಿನ ತೆಗೆದದ್ದು, ಈ ಮೂರನ್ನೂ ಬರೆಯಿರಿ. 20 ವರ್ಷ ಬಿಟ್ಟು ನೋಡುವ ಮೊಮ್ಮಕ್ಕಳಿಗೆ ಅದನ್ನು ಹೇಳಲು ಬೇರೆ ಯಾರೂ ಇರುವುದಿಲ್ಲ.