ಒಂದು ದರ್ಶನಗ್ರಂಥದ ಚರಿತ್ರೆ

ಓದಿ ಮುಗಿಸಿದ ಮೇಲೆ ಜಗತ್ತು ಮೊದಲಿನಂತೆ ಕಾಣಲಿಲ್ಲವೆಂದು ವಾಚಕರು ಹೇಳುವ ಗ್ರಂಥಗಳು ಕೆಲವುಂಟು. ಅವುಗಳಲ್ಲಿ ಬಹುಭಾಗ ಅನುಭಾವಿಗಳ ವೃತ್ತಾಂತಗಳು, ಲೋಕಾಂತರಗಳನ್ನು ಕಂಡು ಬಂದೆವೆಂದವರ ನುಡಿಗಳು. ಇಂತಹ ಗ್ರಂಥದಲ್ಲಿ ಸತ್ಯವೆಷ್ಟು ಎಂದು ಕೇಳುವ ಮೊದಲು, ಅದು ಯಾರ ಬಾಯಿಂದ ಹೊರಟು ಯಾರ ಕೈಯಿಂದ ನಮ್ಮ ಬಳಿಗೆ ಬಂದಿತು ಎಂದು ಕೇಳುವುದು ಚರಿತ್ರಕಾರನ ಧರ್ಮ. ನಾವು ಇಂದು ಒಂದೇ ಗ್ರಂಥವನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸೋಣ. ಅದು ೧೯೩೨ರಲ್ಲಿ ನ್ಯೂಯಾರ್ಕಿನಲ್ಲಿ ಪ್ರಕಟವಾದ ‘ಬ್ಲ್ಯಾಕ್ ಎಲ್ಕ್ ಸ್ಪೀಕ್ಸ್’. ಬ್ಲ್ಯಾಕ್ ಎಲ್ಕ್ ನುಡಿಯುತ್ತಾನೆ ಎಂದು ಅದರ ಅರ್ಥ.

ಬ್ಲ್ಯಾಕ್ ಎಲ್ಕ್ ಎಂಬುದು ಇಂಗ್ಲಿಷಿಗೆ ತಿರುಗಿದ ಹೆಸರು. ಕನ್ನಡದಲ್ಲಿ ಕರಿಯ ಕಡವೆ ಎನ್ನಬಹುದು. ಉತ್ತರ ಅಮೆರಿಕದ ಬಯಲುಸೀಮೆಯ ಲಕೋಟಾ ಜನರಲ್ಲಿ ಓಗ್ಲಾಲ ಪಂಗಡಕ್ಕೆ ಸೇರಿದ ಈತನು ೧೮೬೩ರಲ್ಲಿ ಹುಟ್ಟಿದನು. ಇಂತಹವರನ್ನು ಪಾಶ್ಚಾತ್ಯ ವಿದ್ವಾಂಸರು ‘ಷಾಮನ್’ ಎಂದು ಕರೆಯುವುದುಂಟು. ಆ ಶಬ್ದವು ಸೈಬೀರಿಯದ ಈವೆಂಕಿ ಜನರ ಭಾಷೆಯಿಂದ ಬಂದುದು. ನಮ್ಮ ಶ್ರವಣಬೆಳ್ಗೊಳದ ಹೆಸರಿನೊಳಗೆ ಅಡಗಿರುವ ‘ಶ್ರಮಣ’ ಶಬ್ದವೇ ಬೌದ್ಧರ ಸಂಗಡ ಅಷ್ಟು ದೂರ ನಡೆದು ಹೀಗೆ ರೂಪಾಂತರ ಹೊಂದಿತೆಂದು ಕೆಲವರು ವಾದಿಸಿದರು. ಕಿವಿಗೆ ಇಂಪಾದ ಊಹೆ, ಆದರೆ ಸಿದ್ಧಾಂತವೆನಿಸಲಿಲ್ಲ. ತನ್ನ ಜನರ ಮಾತಿನಲ್ಲಿ ಬ್ಲ್ಯಾಕ್ ಎಲ್ಕ್ ‘ವಿಚಾಶ ವಕಾನ್’, ಎಂದರೆ ಪವಿತ್ರಪುರುಷ.

ಒಂಬತ್ತು ವರ್ಷದ ಬಾಲಕನಾಗಿದ್ದಾಗ ಆತನು ಕಾಯಿಲೆ ಬಿದ್ದು ಹನ್ನೆರಡು ದಿನ ಮೃತಪ್ರಾಯನಾಗಿ ಮಲಗಿದ್ದನು. ಮೋಡಗಳಿಂದ ಇಬ್ಬರು ಪುರುಷರು ಬಾಣದಂತೆ ಇಳಿದು ಬಂದು ಆತನನ್ನು ಕರೆದೊಯ್ದರು. ನಾಲ್ಕು ದಿಕ್ಕುಗಳಿಂದ ನಾಲ್ಕು ಬಣ್ಣದ ಕುದುರೆಗಳು ದಿಕ್ಕಿಗೆ ಹನ್ನೆರಡರಂತೆ ಬಂದು ನಿಂತವು. ಕಾಮನಬಿಲ್ಲೇ ಬಾಗಿಲಾಗಿದ್ದ ಒಂದು ಡೇರೆಯಲ್ಲಿ ಆರು ಮಂದಿ ಪಿತಾಮಹರು ಕುಳಿತಿದ್ದರು: ನಾಲ್ವರು ದಿಕ್ಕುಗಳಿಗೆ, ಒಬ್ಬನು ಆಕಾಶಕ್ಕೆ, ಒಬ್ಬನು ಭೂಮಿಗೆ. ಆರನೆಯವನ ಮುಖವನ್ನು ದಿಟ್ಟಿಸಿದಾಗ ಅದು ವೃದ್ಧನಾದ ತನ್ನದೇ ಮುಖವೆಂದು ಬಾಲಕನಿಗೆ ಹೊಳೆಯಿತು. ತನ್ನ ಜನಾಂಗವು ಒಂದು ವರ್ತುಲವಾಗಿಯೂ ಅದರ ನಡುವೆ ಹೂಬಿಡುವ ಒಂದು ಮರವಾಗಿಯೂ ಆತನಿಗೆ ಕಾಣಿಸಿತು. ಆ ಮರವನ್ನು ಬದುಕಿಸುವ ಹೊಣೆಯನ್ನು ಪಿತಾಮಹರು ಆತನ ಮೇಲೆ ಹೊರಿಸಿದರು. ಈ ಕೊನೆಯ ಅಂಶವನ್ನು ನಾವು ಮರೆಯಕೂಡದು. ಅದು ಒಬ್ಬನ ಮೋಕ್ಷಕ್ಕಾಗಿ ದೊರೆತ ದರ್ಶನವಲ್ಲ. ಜನಾಂಗದ ಸಲುವಾಗಿ ಒಪ್ಪಿಸಿದ ಒಂದು ಕಾರ್ಯ.

ಮುಂದೆ ನಡೆದುದು ಆ ಕಾರ್ಯಕ್ಕೆ ಪ್ರತಿಕೂಲವಾಗಿಯೇ ಇತ್ತು. ೧೮೭೬ರ ಜೂನ್ ತಿಂಗಳಲ್ಲಿ ಲಿಟಲ್ ಬಿಗ್‌ಹಾರ್ನ್ ನದಿಯ ಬಳಿ ಕಸ್ಟರನ ದಳವು ನಾಶವಾದಾಗ ಈ ಹುಡುಗನು ಅಲ್ಲಿದ್ದನು. ಆ ಜಯದ ಫಲ ಅಲ್ಪಕಾಲದ್ದು. ೧೮೮೩ರಲ್ಲಿ ಸರ್ಕಾರವು ನಿಬಂಧನೆಗಳನ್ನು ಹೊರಡಿಸಿ ಆದಿನಿವಾಸಿಗಳ ಪವಿತ್ರ ನೃತ್ಯಗಳನ್ನೂ ಮಂತ್ರವೈದ್ಯವನ್ನೂ ಅಪರಾಧಗಳನ್ನಾಗಿ ಮಾಡಿತು. ೧೮೮೬ರಲ್ಲಿ ಬ್ಲ್ಯಾಕ್ ಎಲ್ಕ್ ಬಫಲೋ ಬಿಲ್ಲನ ಪ್ರದರ್ಶನ ಮಂಡಲಿಯನ್ನು ಸೇರಿ, ಮರುವರ್ಷ ವಿಕ್ಟೋರಿಯಾ ರಾಣಿಯ ಜ್ಯೂಬಿಲಿಯ ಕಾಲದಲ್ಲಿ ಇಂಗ್ಲೆಂಡನ್ನು ಕಂಡನು. ಬಿಳಿಯರ ಬಲದ ರಹಸ್ಯವನ್ನು ತಿಳಿದು ತನ್ನವರಿಗೆ ನೆರವಾಗಬೇಕೆಂಬುದು ಆತನ ಉದ್ದೇಶ. ೧೮೮೯ರಲ್ಲಿ ಹಿಂದಿರುಗಿದನು. ೧೮೯೦ರ ಡಿಸೆಂಬರ್ ೨೯ರಂದು ವೂಂಡೆಡ್ ನೀ ಎಂಬಲ್ಲಿ ಸೈನ್ಯವು ಗಂಡಸರು, ಹೆಂಗಸರು, ಮಕ್ಕಳೆನ್ನದೆ ಲಕೋಟಾ ಜನರನ್ನು ಕೊಂದಿತು. ಗ್ರಂಥವು ಹೇಳುವ ಕಥೆ ಇಲ್ಲಿಗೆ ಮುಗಿಯುತ್ತದೆ.

ಬ್ಲ್ಯಾಕ್ ಎಲ್ಕನ ಬಾಳು ಮಾತ್ರ ಇಲ್ಲಿಗೆ ಮುಗಿಯಲಿಲ್ಲ. ೧೯೦೪ರಲ್ಲಿ ಆತನು ಕ್ಯಾಥೊಲಿಕ್ ಮತಕ್ಕೆ ಸೇರಿ ನಿಕೊಲಸ್ ಎಂಬ ಹೆಸರನ್ನು ಪಡೆದು, ಬಹುಕಾಲ ಊರೂರಿಗೆ ಹೋಗಿ ಮತಬೋಧನೆ ಮಾಡಿದನು. ಆತನನ್ನು ಹುಡುಕಿಕೊಂಡು ೧೯೩೦ರ ಆಗಸ್ಟ್ ತಿಂಗಳಲ್ಲಿ ಜಾನ್ ನೈಹಾರ್ಟ್ ಎಂಬ ಕವಿ ದಕ್ಷಿಣ ಡಕೋಟ ಸಂಸ್ಥಾನದ ಪೈನ್ ರಿಡ್ಜಿಗೆ ಬಂದನು. ಪಶ್ಚಿಮ ಸೀಮೆಯ ಕಥೆಯನ್ನು ಮಹಾಕಾವ್ಯವಾಗಿ ಬರೆಯುತ್ತಿದ್ದ ಆ ಕವಿಗೆ ಬೇಕಾಗಿದ್ದುದು ವೂಂಡೆಡ್ ನೀ ಕಾಲದ ಸಂಗತಿಗಳು, ದೊರೆತುದು ಬೇರೆ. ೧೯೩೧ರ ಮೇ ತಿಂಗಳಲ್ಲಿ ನೈಹಾರ್ಟ್ ಇಬ್ಬರು ಹೆಣ್ಣುಮಕ್ಕಳೊಡನೆ ಮತ್ತೆ ಬಂದಾಗ ಮುದುಕನು ತನ್ನ ದರ್ಶನವನ್ನು ಮೊದಲಿನಿಂದ ಹೇಳತೊಡಗಿದನು.

ಆ ನುಡಿ ಹಾದು ಬಂದ ದಾರಿಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ತಂದೆ ಲಕೋಟಾ ಭಾಷೆಯಲ್ಲಿ ನುಡಿಯುವನು. ಮಗ ಬೆನ್ ಅದನ್ನು ಇಂಗ್ಲಿಷಿಗೆ ತಿರುಗಿಸುವನು. ಕವಿ ಅದನ್ನು ತಿದ್ದಿ ಮರಳಿ ಹೇಳುವನು. ಕವಿಯ ಮಗಳು ಈನಿಡ್ ಶೀಘ್ರಲಿಪಿಯಲ್ಲಿ ಬರೆದುಕೊಳ್ಳುವಳು. ಆ ಬರೆಹವು ಟೈಪಾಗಿ, ಮತ್ತೆ ಕವಿಯ ಕೈ ಸೇರಿ ಗ್ರಂಥವಾಯಿತು. ಇಷ್ಟು ಕೈಗಳನ್ನು ದಾಟಿದ ನೀರು ಊಟೆಯ ನೀರೇ ಆಗಿ ಉಳಿಯಿತೆ?

ಹಲವು ವರ್ಷ ಯಾರೂ ಹೀಗೆ ಕೇಳಲಿಲ್ಲ, ಏಕೆಂದರೆ ಗ್ರಂಥವನ್ನು ಓದಿದವರೇ ಕಡಮೆ. ಪ್ರತಿಗಳು ಮಾರಾಟವಾಗದೆ ಅಗ್ಗದ ಬೆಲೆಗೆ ಹೋದವು. ಮಿಷನ್ನಿನ ಪಾದ್ರಿಗಳಿಗಂತೂ ಅದು ಹಿಡಿಸಲಿಲ್ಲ. ತಮ್ಮ ಉಪದೇಶಕನ ಕ್ರೈಸ್ತಜೀವನವೇ ಅದರಲ್ಲಿ ಇಲ್ಲವಾಗಿತ್ತು. ೧೯೩೪ರಲ್ಲಿ ಬ್ಲ್ಯಾಕ್ ಎಲ್ಕನ ಹೆಸರಿನಲ್ಲಿ ತಾನು ಕ್ರೈಸ್ತನೆಂದು ಸಾರುವ ಹೇಳಿಕೆಯೊಂದು ಹೊರಟಿತು. ಆತನು ೧೯೫೦ರಲ್ಲಿ ತೀರಿಕೊಂಡನು. ೧೯೬೧ರಲ್ಲಿ ನೆಬ್ರಾಸ್ಕ ವಿಶ್ವವಿದ್ಯಾನಿಲಯದ ಮುದ್ರಣಾಲಯವು ಗ್ರಂಥವನ್ನು ಮತ್ತೆ ಹೊರತಂದಿತು. ೧೯೭೧ರಲ್ಲಿ ತೊಂಬತ್ತು ವರ್ಷದ ನೈಹಾರ್ಟ್ ಟೆಲಿವಿಷನ್ ಕಾರ್ಯಕ್ರಮವೊಂದರಲ್ಲಿ ಮಾತನಾಡಿದ ಮೇಲೆ ಅದಕ್ಕೆ ವಾಚಕರ ನೂಕುನುಗ್ಗಲಾಯಿತು. ತಮ್ಮ ನಾಗರಿಕತೆಯಲ್ಲಿ ನಂಬಿಕೆ ಕುಂದಿದ್ದ ತರುಣರು ಅದರಿಂದ ಬೆಟ್ಟ, ಮಳೆ, ಪ್ರಾಣಿಗಳನ್ನು ಹೊಸ ಕಣ್ಣಿನಿಂದ ನೋಡಲು ಕಲಿತರು.

೧೯೮೪ರಲ್ಲಿ ರೇಮಂಡ್ ಡಿಮ್ಯಾಲಿ ಎಂಬ ವಿದ್ವಾಂಸರು ಈನಿಡ್ ಬರೆದುಕೊಂಡಿದ್ದ ಟಿಪ್ಪಣಿಗಳನ್ನು ‘ದಿ ಸಿಕ್ಸ್ತ್ ಗ್ರ್ಯಾಂಡ್‌ಫಾದರ್’ ಎಂಬ ಹೆಸರಿನಿಂದ ಅಚ್ಚುಹಾಕಿಸಿದರು. ಎರಡನ್ನೂ ಎದುರುಬದುರಾಗಿ ಇಟ್ಟು ನೋಡಿದಾಗ ನೈಹಾರ್ಟ್ ದರ್ಶನದ ಹಂದರವನ್ನು ಕೆಡಿಸಲಿಲ್ಲವೆಂಬುದು ಸ್ಪಷ್ಟವಾಯಿತು. ಆದರೆ ಶತ್ರುಸಂಹಾರಕ್ಕಾಗಿ ಕೊಟ್ಟ ಭಯಂಕರವಾದ ಮೂಲಿಕೆಯ ಭಾಗವನ್ನು ಆತನು ಕೈಬಿಟ್ಟಿದ್ದನು. ಅದಕ್ಕಿಂತ ಗುರುತರವಾದುದು ಇನ್ನೊಂದು. ವರ್ತುಲ ಮುರಿಯಿತು, ಮರ ಸತ್ತಿತು, ಒಂದು ಜನಾಂಗದ ಕನಸು ಅಳಿಯಿತು ಎಂದು ಮರುಗುವ ಸುಪ್ರಸಿದ್ಧ ಮುಕ್ತಾಯವು ಕವಿಯ ರಚನೆ. ಟಿಪ್ಪಣಿಗಳಲ್ಲಿ ಆ ಮಾತುಗಳಿಲ್ಲ. ಮುದುಕನು ದುಃಖಪಟ್ಟದ್ದು ನಿಜ. ಆದರೆ ಆ ಟಿಪ್ಪಣಿಗಳಲ್ಲಿ ಮರವು ಮತ್ತೆ ಹೂಬಿಡಬೇಕೆಂಬ ಆಸೆ ಆರಿಲ್ಲ. ದರ್ಶನವನ್ನು ಪರಕೀಯನಿಗೆ ಒಪ್ಪಿಸಿದ್ದೂ ಅದಕ್ಕಾಗಿಯೇ.

ಇದು ಬರಿಯ ಪಾಠಾಂತರದ ವಿಚಾರವಲ್ಲವೆಂದು ನಮ್ಮ ಅಭಿಪ್ರಾಯ. ಮರ ಸತ್ತಿತೆಂದರೆ ವಾಚಕನಿಗೆ ಉಳಿಯುವುದು ಮನೋಹರವಾದ ಶೋಕ ಮಾತ್ರ. ಬದುಕಿರುವ ಲಕೋಟಾ ಜನರಿಗೆ ಆತನು ಸಲ್ಲಿಸಬೇಕಾದುದು ಏನೂ ಉಳಿಯದು. ಮರ ಬದುಕಿದೆಯೆಂದರೆ ನಿಷೇಧಗಳಿಗೆ ಗುರಿಯಾದ ಆ ಪೂಜಾವಿಧಿಗಳ ಗತಿಯೇನೆಂಬ ಪ್ರಶ್ನೆ ಏಳುತ್ತದೆ. ಅವುಗಳ ಸ್ವಾತಂತ್ರ್ಯಕ್ಕಾಗಿ ಅಮೆರಿಕದ ಕಾಂಗ್ರೆಸ್ಸು ಪ್ರತ್ಯೇಕ ಶಾಸನ ಮಾಡಿದುದು ೧೯೭೮ರಲ್ಲಿ.

ನೈಹಾರ್ಟನನ್ನು ವಂಚಕನೆಂದು ಕರೆಯುವುದೂ ಅನ್ಯಾಯವಾದೀತು. ೧೯೬೮ರಲ್ಲಿ ಕಾರ್ಲೋಸ್ ಕ್ಯಾಸ್ಟನೇಡ ಎಂಬಾತನು ಡಾನ್ ಹ್ವಾನ್ ಎಂಬ ಯಾಕಿ ಮಂತ್ರಜ್ಞನ ಬೋಧೆಗಳೆಂದು ಒಂದು ಗ್ರಂಥವನ್ನು ಪ್ರಕಟಿಸಿ ಅಸಂಖ್ಯ ವಾಚಕರನ್ನು ಬೆರಗುಗೊಳಿಸಿದನು. ಆ ಮಾಲೆಯ ಮೂರನೆಯ ಗ್ರಂಥದ ವಿಷಯಕ್ಕೆ ವಿಶ್ವವಿದ್ಯಾನಿಲಯವು ೧೯೭೩ರಲ್ಲಿ ಡಾಕ್ಟರ್ ಪದವಿಯನ್ನೂ ಕೊಟ್ಟಿತು. ೧೯೭೬ರಲ್ಲಿ ರಿಚರ್ಡ್ ಡಿ ಮಿಲ್ ತಿಥಿಗಳನ್ನು ತಾಳೆ ನೋಡಿ, ಅವು ಒಂದಕ್ಕೊಂದು ಕೂಡವೆಂದು ತೋರಿಸಿದರು. ಆ ಗುರುವನ್ನು ವಿದ್ವಾಂಸರ ಮುಂದೆ ನಿಲ್ಲಿಸಿದವರಿಲ್ಲ. ಬ್ಲ್ಯಾಕ್ ಎಲ್ಕನಾದರೋ ಮಗನಿಂದಲೂ ನೆರೆಹೊರೆಯವರಿಂದಲೂ ಗುರುತಿಸಲ್ಪಟ್ಟ ಮನುಷ್ಯ. ಆತನನ್ನು ತಿದ್ದಿದ ಕವಿಯನ್ನು ತಿದ್ದಲು ಇಂದು ಸಾಕ್ಷಿಯಿದೆ.

ಸ್ವತಃ ಆದಿನಿವಾಸಿಯಾದ ವೈನ್ ಡಿಲೋರಿಯ ೧೯೭೯ರ ಮುದ್ರಣಕ್ಕೆ ಬರೆದ ಪೀಠಿಕೆಯಲ್ಲಿ, ತರುಣ ಆದಿನಿವಾಸಿಗಳಿಗೆ ಈ ಗ್ರಂಥವು ಎಲ್ಲ ಕುಲಗಳಿಗೂ ಸಲ್ಲುವ ಒಂದು ಧರ್ಮಗ್ರಂಥದಂತಾಗಿದೆ ಎಂದರು. ಎಷ್ಟು ಕವಿಯದು, ಎಷ್ಟು ದ್ರಷ್ಟಾರನದು ಎಂಬ ಚರ್ಚೆಗೆ ಅವರು ಹೆಚ್ಚು ಬೆಲೆ ಕೊಡಲಿಲ್ಲ. ನಾವು ಅಷ್ಟು ದೂರ ಹೋಗಲಾರೆವು. ಆದರೆ ಕವಿ ಬರೆದ ಚರಮಗೀತೆಯನ್ನು ಆ ತರುಣರು ಚರಮಗೀತೆಯಾಗಿ ಓದಲಿಲ್ಲವೆಂಬುದು ಗಮನಾರ್ಹ.

ಸಂಭಾಷಣೆಗಳು ಮುಗಿದ ಮೇಲೆ ಬ್ಲ್ಯಾಕ್ ಎಲ್ಕ್, ತನ್ನ ದರ್ಶನದಲ್ಲಿ ನಿಂತಿದ್ದ ಶಿಖರವನ್ನು ೧೯೩೧ರಲ್ಲಿ ನೈಹಾರ್ಟನೊಡನೆ ಏರಿ ಪಿತಾಮಹರನ್ನು ಪ್ರಾರ್ಥಿಸಿದನು. ಆಗ ಅದಕ್ಕಿದ್ದ ಹೆಸರು ಹಾರ್ನಿ ಶಿಖರ; ೧೮೫೫ರಲ್ಲಿ ಲಕೋಟಾ ಪಾಳೆಯವೊಂದರ ಮೇಲೆ ಬಿದ್ದು ಹೆಂಗಸರು ಮಕ್ಕಳನ್ನೂ ಕೊಂದ ಸೈನ್ಯದ ದಳಪತಿಯ ಹೆಸರು ಅದು. ೨೦೧೬ರಲ್ಲಿ ಅಮೆರಿಕದ ಭೌಗೋಳಿಕ ನಾಮಮಂಡಲಿಯು ಅದನ್ನು ಬ್ಲ್ಯಾಕ್ ಎಲ್ಕ್ ಶಿಖರವೆಂದು ಬದಲಾಯಿಸಿತು.