ಅಳಿವೆಯಲ್ಲಿ ಗಾಳದ ಮೀನುಗಾರಿಕೆ: ದೋಣಿ ಗೊತ್ತುಮಾಡುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ದೀಪಾವಳಿ ಅಥವಾ ಕ್ರಿಸ್‌ಮಸ್ ರಜೆಯಲ್ಲಿ ಊರಿಗೆ ತೆರಳುವ ಹೊರನಾಡ ಕನ್ನಡಿಗರ ಮನೆಗಳಲ್ಲಿ ಮಕ್ಕಳ ಬೇಡಿಕೆಗಳ ಪಟ್ಟಿ ವರ್ಷದಿಂದ ವರ್ಷಕ್ಕೆ ಬದಲಾಗುತ್ತಿರುತ್ತದೆ. ಕಡಲತೀರದ ಸ್ನಾನ, ಯಕ್ಷಗಾನ, ದೇವಸ್ಥಾನಗಳ ಜೊತೆಗೆ ಈಗ ದೋಣಿಯಲ್ಲಿ ಕುಳಿತು ಗಾಳ ಹಾಕುವ ಆಸೆಯೂ ಸೇರಿದೆ. ಹಿಂದಿನ ತಲೆಮಾರಿನವರಿಗೆ ಇದಕ್ಕಾಗಿ ಯಾರನ್ನೂ ವಿಚಾರಿಸುವ ಅಗತ್ಯವಿರಲಿಲ್ಲ. ನೆರೆಮನೆಯ ದೋಣಿಯಿತ್ತು, ಕರೆದೊಯ್ಯುವ ಮಾವನೋ ಅಣ್ಣನೋ ಇದ್ದರು. ಇಂದು ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿ ನೆಲೆಸಿದ ಬಹುತೇಕ ಕುಟುಂಬಗಳಿಗೆ ಪರಿಚಯವಿಲ್ಲದ ದೋಣಿಯನ್ನು ಹಣ ಕೊಟ್ಟು ಗೊತ್ತುಮಾಡುವುದೇ ದಾರಿಯಾಗಿದೆ. ಇಂತಹ ವಿಹಾರವನ್ನು ಗೊತ್ತುಮಾಡುವ ಕ್ರಮವನ್ನು ಕರ್ನಾಟಕ ಕರಾವಳಿಯನ್ನು ಮುಂದಿಟ್ಟುಕೊಂಡು ಇಲ್ಲಿ ವಿವರಿಸಲಾಗಿದೆ.

ಮೊದಲಿಗೇ ಒಂದು ಮಾತು ಸ್ಪಷ್ಟವಾಗಿರಲಿ. ತಾವು ಗೊತ್ತುಮಾಡುತ್ತಿರುವುದು ದೋಣಿಯನ್ನಲ್ಲ, ಅದನ್ನು ನಡೆಸುವ ತಾಂಡೇಲನ ಅನುಭವವನ್ನು ಮತ್ತು ವಿವೇಕವನ್ನು. ಆ ವಿವೇಕವು ಬೇಕಾದ ಹೊತ್ತಿನಲ್ಲಿ ಕೆಲಸಕ್ಕೆ ಬರುವಂತೆ ಒಪ್ಪಂದವಿರಬೇಕು. ಉಳಿದ ವಿಷಯಗಳೆಲ್ಲ ಅನಂತರದವು.

ಸಮೀಪ ಕಡಲು ಎಂದರೆ ಯಾವುದು?

ಗಾಳದ ವಿಹಾರದಲ್ಲಿ ಎರಡು ಬಗೆ. ದಡ ಕಾಣದಷ್ಟು ದೂರ ಸಾಗಿ ಆಳವಾದ ನೀರಿನಲ್ಲಿ ದೊಡ್ಡ ಮೀನನ್ನು ಹುಡುಕುವುದು ಒಂದು. ನದಿಮುಖ, ಹಿನ್ನೀರು, ಕಾಂಡ್ಲಾ ಕಾಡಿನ ಅಂಚು, ದಡಕ್ಕೆ ಹತ್ತಿರದ ಬಂಡೆಗಳ ಸುತ್ತ ಉಪ್ಪುನೀರಿನಲ್ಲಿ ಮೀನು ಹಿಡಿಯುವುದು ಇನ್ನೊಂದು. ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿಯ ಕಡೆಗೆ ಹೋಗುವುದು ಮೊದಲನೆಯ ಬಗೆಗೆ ಸೇರುತ್ತದೆ. ಮಕ್ಕಳು, ಹಿರಿಯರು ಇರುವ ಕುಟುಂಬಕ್ಕೆ ಎರಡನೆಯದೇ ಸೂಕ್ತ. ಇಲ್ಲಿ ತೆರೆಯ ಹೊಡೆತ ಕಡಿಮೆ, ದೋಣಿಯ ಓಲಾಟದಿಂದ ಹೊಟ್ಟೆ ತೊಳಸುವುದೂ ಕಡಿಮೆ. ಮೂರು ನಾಲ್ಕು ತಾಸುಗಳಲ್ಲಿ ಹೋಗಿ ಬರಬಹುದು.

ನಮ್ಮ ಕರಾವಳಿಯಲ್ಲಿ ಇಂತಹ ತಾಣಗಳಿಗೆ ಕೊರತೆಯಿಲ್ಲ. ಕಾರವಾರದಲ್ಲಿ ಕಾಳಿ, ಕುಮಟಾ ತಾಲೂಕಿನಲ್ಲಿ ಅಘನಾಶಿನಿ, ಹೊನ್ನಾವರದಲ್ಲಿ ಶರಾವತಿ, ಗಂಗೊಳ್ಳಿಯಲ್ಲಿ ಐದು ನದಿಗಳು ಕೂಡುವ ಪಂಚಗಂಗಾವಳಿ, ಕೋಡಿ ಬೆಂಗ್ರೆಯ ಬಳಿ ಸೀತಾ ಮತ್ತು ಸ್ವರ್ಣಾ, ಮಂಗಳೂರಿನಲ್ಲಿ ನೇತ್ರಾವತಿ ಮತ್ತು ಗುರುಪುರ ನದಿಗಳು ಕಡಲನ್ನು ಸೇರುತ್ತವೆ. ಇವುಗಳಲ್ಲಿ ಅಘನಾಶಿನಿಗೆ ದೊಡ್ಡ ಅಣೆಕಟ್ಟು ಇಲ್ಲ. ಅದರ ಅಳಿವೆ ಪ್ರದೇಶವು 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಕಾಳಿ ಮತ್ತು ಶರಾವತಿಗಳಿಗೆ ಅಣೆಕಟ್ಟುಗಳಿರುವುದರಿಂದ ನೀರು ಬಿಡುವ ದಿನಗಳಲ್ಲಿ ಕೆಳಭಾಗದ ಸೆಳವು ಹೆಚ್ಚುವುದುಂಟು. ಕಾರವಾರದ ಅರ್ಗಾ ಮತ್ತು ಅಂಜುದೀವ್ ದ್ವೀಪದ ಸುತ್ತಲಿನ ನೀರು ನೌಕಾಪಡೆಗೆ ಸೇರಿದ್ದು. ಅತ್ತ ದೋಣಿ ಒಯ್ಯುವಂತೆ ತಾಂಡೇಲನನ್ನು ಒತ್ತಾಯಿಸಬಾರದು.

ಕಾಲ ಮತ್ತು ತಿಥಿ

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರೀಕೃತ ದೋಣಿಗಳಿಗೆ ಮೀನುಗಾರಿಕೆಯ ನಿಷೇಧವಿರುತ್ತದೆ. ಮೀನಿನ ಸಂತಾನಾಭಿವೃದ್ಧಿಯೂ ಮೀನುಗಾರರ ಪ್ರಾಣರಕ್ಷಣೆಯೂ ಇದರ ಉದ್ದೇಶ. ನಾಡದೋಣಿಗಳಿಗೆ ವಿನಾಯಿತಿ ಇದೆಯೆಂಬ ಕಾರಣಕ್ಕೆ ಆ ತಿಂಗಳುಗಳಲ್ಲಿ ವಿಹಾರಕ್ಕೆ ಹೊರಡುವುದು ಜಾಣತನವಲ್ಲ. ಮಳೆ ನಿಂತು ನದಿಯ ಕೆಂಪುನೀರು ತಿಳಿಯಾಗಿ ಅಳಿವೆಗೆ ಉಪ್ಪುನೀರು ಮರಳುವ ನವೆಂಬರಿನಿಂದ ಫೆಬ್ರವರಿಯವರೆಗಿನ ಅವಧಿ ಎಲ್ಲ ರೀತಿಯಿಂದಲೂ ಅನುಕೂಲ. ಆದರೂ ಅರಬ್ಬೀ ಸಮುದ್ರದ ಚಂಡಮಾರುತಗಳು ಮೇ, ಜೂನ್ ತಿಂಗಳುಗಳಲ್ಲಿ ಮಾತ್ರವಲ್ಲದೆ ಅಕ್ಟೋಬರಿನಿಂದ ಡಿಸೆಂಬರಿನವರೆಗೂ ಬರುತ್ತವೆ ಎಂಬುದನ್ನು ಮರೆಯಬಾರದು. ದಿನದ ವೇಳೆಯಲ್ಲಿ ಬೆಳಗಿನ ಜಾವವೇ ಉತ್ತಮ. ಮಧ್ಯಾಹ್ನದ ಹೊತ್ತಿಗೆ ಕಡಲಿನಿಂದ ಗಾಳಿ ಬಲವಾಗಿ ಬೀಸತೊಡಗಿ ನೀರು ಕದಡುತ್ತದೆ.

ದಿನವನ್ನು ಆರಿಸಲು ಮನೆಯ ಗೋಡೆಯಲ್ಲಿ ತೂಗುವ ಪಂಚಾಂಗವೇ ಸಾಕಷ್ಟು ನೆರವಾಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಮರುದಿನಗಳಲ್ಲಿ ಭರತವೂ ಇಳಿತವೂ ದೊಡ್ಡದಾಗಿ ನೀರಿನ ಸೆಳವು ಬಲವಾಗಿರುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ಅದು ತಗ್ಗುತ್ತದೆ. ದಿನಕ್ಕೆ ಎರಡು ಭರತ, ಎರಡು ಇಳಿತ. ಒಂದೊಂದು ದಿನಕ್ಕೂ ಅವುಗಳ ವೇಳೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಮುಂಬಯಿಯಲ್ಲಿ ದೊಡ್ಡ ಭರತದ ನೀರು 5 ಮೀಟರಿನ ಸಮೀಪ ಏರುವುದನ್ನು ಕಂಡವರಿಗೆ ಕಾರವಾರದ ಸುಮಾರು 2 ಮೀಟರು, ಮಂಗಳೂರಿನ ಒಂದೂವರೆ ಮೀಟರು ಅಲ್ಪವೆನಿಸಬಹುದು. ಆದರೆ ಇಕ್ಕಟ್ಟಾದ ನದಿಮುಖದಲ್ಲಿ ಅಷ್ಟೇ ನೀರು ಬಲವಾದ ಸೆಳವನ್ನು ಉಂಟುಮಾಡಬಲ್ಲದು. ನಿಖರವಾದ ವೇಳೆಗೆ ಭಾರತೀಯ ಸರ್ವೇಕ್ಷಣಾ ಇಲಾಖೆಯ ಭರತ-ಇಳಿತದ ಕೋಷ್ಟಕಗಳನ್ನು ನೋಡಬೇಕು.

ಮೀನು ಕಚ್ಚುವುದಕ್ಕೂ ನೀರಿನ ಚಲನೆಗೂ ನೇರ ಸಂಬಂಧವಿದೆ. ನೀರು ಇಳಿಯುವಾಗ ಕಾಂಡ್ಲಾ ಬೇರುಗಳ ನಡುವೆ ಅಡಗಿದ್ದ ಸಿಗಡಿ, ಮರಿಮೀನುಗಳು ಸಣ್ಣ ಕಾಲುವೆಗಳ ಮೂಲಕ ಹೊರಬರುತ್ತವೆ. ಕೆಂಬೇರಿ, ಬರಮುಂಡಿಗಳಂತಹ ಬೇಟೆ ಮೀನುಗಳು ಆ ಕಾಲುವೆಯ ಬಾಯಲ್ಲೇ ಕಾದಿರುತ್ತವೆ. ಮರಳು ನೆಲದಲ್ಲಿ ಕಾಣೆ, ಬಂಡೆಗಳ ಬಳಿ ಮುರುಮೀನು ದೊರೆಯುತ್ತವೆ. ನೀರು ನಿಂತ ಹೊತ್ತಿನಲ್ಲಿ ಗಾಳವೂ ಸುಮ್ಮನಿರುವುದೇ ಹೆಚ್ಚು. ಆದ್ದರಿಂದ ಹೊರಡುವ ವೇಳೆಯನ್ನು ತಮ್ಮ ಉಪಾಹಾರಕ್ಕೆ ಹೊಂದಿಸದೆ ತಾಂಡೇಲ ಹೇಳಿದಂತೆ ಇಟ್ಟುಕೊಳ್ಳುವುದು ಲೇಸು.

ಅಪಾಯವಿರುವುದು ಬಾಗಿಲಿನಲ್ಲಿ

ಅಪಾಯವೆಲ್ಲ ನಡುಗಡಲಿನಲ್ಲಿದೆ, ದಡದ ಸಮೀಪ ಭಯವಿಲ್ಲ ಎಂಬುದು ನಗರವಾಸಿಗಳಲ್ಲಿರುವ ತಪ್ಪು ಕಲ್ಪನೆ. ಕರಾವಳಿಯ ಮೀನುಗಾರರು ಅಳಿವೆ ಬಾಗಿಲಿಗೆ ಅಂಜುವಷ್ಟು ನಡುಗಡಲಿಗೆ ಅಂಜುವುದಿಲ್ಲ. ನದಿ ತಂದ ಮರಳು ಅಲ್ಲಿ ದಿಬ್ಬವಾಗಿ ನಿಂತಿರುತ್ತದೆ, ಮಳೆಗಾಲ ಕಳೆದ ಮೇಲೆ ಅದರ ಜಾಗವೂ ಬದಲಾಗಿರುತ್ತದೆ. ಇಳಿತದ ನೀರು ರಭಸದಿಂದ ಹೊರಹೋಗುವಾಗ ಎದುರಿನಿಂದ ಬರುವ ತೆರೆ ಅದಕ್ಕೆ ಡಿಕ್ಕಿಯಾಗಿ, ಎತ್ತರಕ್ಕೆದ್ದು ಮುರಿಯುತ್ತದೆ. ಹೋಗುವಾಗ ಶಾಂತವಾಗಿದ್ದ ಬಾಗಿಲು ಎರಡು ತಾಸಿನ ನಂತರ ಬರುವಾಗ ಹಾಗೆಯೇ ಇರಬೇಕೆಂದಿಲ್ಲ.

ಗಾಳಿಯೇ ಇಲ್ಲದ ದಿನಗಳಲ್ಲಿಯೂ ದೂರದ ದಕ್ಷಿಣ ಸಾಗರದಲ್ಲೆದ್ದ ತೆರೆಗಳು ಬಂದು ದಡಕ್ಕೆ ಅಪ್ಪಳಿಸುವುದುಂಟು. ಕೇರಳದವರು ಇದಕ್ಕೆ 'ಕಳ್ಳಕಡಲ್' ಎನ್ನುತ್ತಾರೆ. ಹೈದರಾಬಾದಿನಲ್ಲಿರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು ಇದರ ಹಾಗೂ ಎತ್ತರದ ಅಲೆಗಳ ಮುನ್ಸೂಚನೆಯನ್ನು ನೀಡುತ್ತದೆ. ಹವಾಮಾನ ಇಲಾಖೆ ಮೀನುಗಾರರಿಗೆ ಪ್ರತ್ಯೇಕ ಎಚ್ಚರಿಕೆ ಪ್ರಕಟಿಸುತ್ತದೆ. ಹಿಂದಿನ ಸಂಜೆ ಇವೆರಡನ್ನೂ ನೋಡುವುದು ಕಡ್ಡಾಯವೆಂದೇ ತಿಳಿಯಬೇಕು.

2019ರ ಜನವರಿ 21ರಂದು ಕಾರವಾರದ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆಗೆ ಹೋಗಿ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ಅಸುನೀಗಿದರು. ಅದು ಮಳೆಗಾಲವಾಗಿರಲಿಲ್ಲ, ದಡವೂ ದೂರವಿರಲಿಲ್ಲ. ಸಣ್ಣ ದೋಣಿಯಲ್ಲಿ ಮೂವತ್ತಕ್ಕೂ ಹೆಚ್ಚು ಜನರಿದ್ದರೆಂದೂ ಜೀವರಕ್ಷಕ ಅಂಗಿಗಳನ್ನು ತೊಟ್ಟಿರಲಿಲ್ಲವೆಂದೂ ಅಂದು ವರದಿಯಾಗಿತ್ತು. ಸಮೀಪ ಕಡಲಿನ ವಿಹಾರಕ್ಕೆ ಹೊರಡುವ ಪ್ರತಿಯೊಂದು ಕುಟುಂಬವೂ ನೆನಪಿನಲ್ಲಿಡಬೇಕಾದ ಘಟನೆಯಿದು.

ಗೊತ್ತುಮಾಡುವಾಗ ಕೇಳಬೇಕಾದ ಪ್ರಶ್ನೆಗಳು

ಮೊದಲನೆಯದಾಗಿ, ದೋಣಿಯ ಅನುಮತಿ. ಮೀನುಗಾರಿಕೆ ಇಲಾಖೆಯಲ್ಲಿ ನೋಂದಣಿಯಾದ ದೋಣಿಗೆ ಮೀನು ಹಿಡಿಯುವ ಹಕ್ಕಿರುತ್ತದೆ. ಬಾಡಿಗೆ ಪಡೆದು ಪ್ರವಾಸಿಗರನ್ನು ಕೂರಿಸಿಕೊಳ್ಳಲು ಬೇಕಾದ ಅನುಮತಿ ಬೇರೆ. ವಿಮೆಯ ರಕ್ಷಣೆಯೂ ಇದನ್ನೇ ಅವಲಂಬಿಸಿರಬಹುದು. ಕಾಗದಗಳನ್ನು ತೋರಿಸಿರೆಂದು ವಿನಯದಿಂದ ಕೇಳುವುದರಲ್ಲಿ ತಪ್ಪಿಲ್ಲ.

ಎರಡನೆಯದಾಗಿ, ಎಷ್ಟು ಮಂದಿ ಕುಳಿತುಕೊಳ್ಳಬಹುದು? ತಾಂಡೇಲ ಮತ್ತು ಅವನ ಸಹಾಯಕನನ್ನೂ ಸೇರಿಸಿ ಲೆಕ್ಕಹಾಕಬೇಕು. ಕೊನೆಯ ಗಳಿಗೆಯಲ್ಲಿ 'ಇವರೊಬ್ಬರು ಬರಲಿ' ಎಂದು ಬಂಧುಗಳನ್ನು ಹತ್ತಿಸುವ ನಮ್ಮ ಪದ್ಧತಿಯನ್ನು ದಡದಲ್ಲಿಯೇ ಬಿಡಬೇಕು. ಗಾಳ ಬೀಸುವುದಕ್ಕೆ ಜಾಗ ಬೇಕಾಗುವುದರಿಂದ ಸಣ್ಣ ದೋಣಿಯಲ್ಲಿ ಮೂರು ನಾಲ್ಕು ಮಂದಿಗಿಂತ ಹೆಚ್ಚಿದ್ದರೆ ಮೀನುಗಾರಿಕೆಯೂ ನಡೆಯುವುದಿಲ್ಲ.

ಮೂರನೆಯದಾಗಿ, ಜೀವರಕ್ಷಕ ಅಂಗಿ. ಎಲ್ಲರಿಗೂ ಇದೆಯೇ, ಮಕ್ಕಳ ತೂಕಕ್ಕೆ ತಕ್ಕದ್ದು ಇದೆಯೇ ಎಂದು ಮುಂಗಡ ಕೊಡುವ ಮುನ್ನವೇ ಕೇಳಬೇಕು. ದೊಡ್ಡವರ ಅಂಗಿಯನ್ನು ಮಗುವಿಗೆ ತೊಡಿಸಿದರೆ ನೀರಿನಲ್ಲಿ ಅದು ಮೇಲಕ್ಕೆ ಜಾರಿ ಕಳಚಿಕೊಳ್ಳುತ್ತದೆ. ಆಸನದ ಕೆಳಗಿಟ್ಟ ಅಂಗಿಯಿಂದ ಪ್ರಯೋಜನವಿಲ್ಲ.

ನಾಲ್ಕನೆಯದಾಗಿ, ಗಾಳದ ಕೋಲು, ರೀಲು, ಎರೆ ಯಾರದು? ಡೀಸೆಲ್ ಅಥವಾ ಪೆಟ್ರೋಲು ಬಾಡಿಗೆಯಲ್ಲಿ ಸೇರಿದೆಯೇ? ಹಿಡಿದ ಮೀನು ಯಾರಿಗೆ? ಎಂಜಿನ್ ಕೆಟ್ಟರೆ ಹುಟ್ಟು, ಹಗ್ಗ, ಲಂಗರು ಇವೆಯೇ? ಇವುಗಳನ್ನು ಮೊದಲೇ ಮಾತನಾಡಿಕೊಂಡರೆ ಮನಸ್ತಾಪಕ್ಕೆ ಎಡೆಯಿರುವುದಿಲ್ಲ.

ಕೊನೆಯದು ಎಲ್ಲಕ್ಕಿಂತ ಮುಖ್ಯವಾದದ್ದು: ಹವೆ ಸರಿಯಿಲ್ಲದೆ ಹೊರಡದಿದ್ದರೆ, ಅಥವಾ ಅರ್ಧದಲ್ಲಿ ಮರಳಿದರೆ, ಹಣದ ಗತಿಯೇನು? ಹೆಚ್ಚಿನವರು ಪೂರ್ತಿ ಹಣ ಮರಳಿಸಬೇಕೆಂಬ ಷರತ್ತು ಹಾಕಿ, ತಾವು ಜಾಣರೆಂದು ಭಾವಿಸುತ್ತಾರೆ. ತಾಂಡೇಲನ ಸ್ಥಾನದಲ್ಲಿ ನಿಂತು ಯೋಚಿಸಿದರೆ ಇದರ ಅಪಾಯ ತಿಳಿಯುತ್ತದೆ. ಅಂದಿನ ದುಡಿಮೆಯನ್ನು ಬಿಟ್ಟು ಅವನು ಬಂದಿರುತ್ತಾನೆ. ಬೇಡವೆಂದರೆ ಬರಿಗೈಯಲ್ಲಿ ಮನೆಗೆ ಹೋಗಬೇಕು. ಮುಂಬಯಿಯಿಂದ ಬಂದ ಕುಟುಂಬ ಎದುರಿಗೆ ನಿಂತು 'ನಾಳೆ ನಮ್ಮ ರೈಲು, ಹೇಗಾದರೂ ಕರೆದುಕೊಂಡು ಹೋಗಿ' ಎನ್ನುತ್ತಿರುತ್ತದೆ. ಇಂತಹ ಹೊತ್ತಿನಲ್ಲಿ ಒಳ್ಳೆಯ ತಾಂಡೇಲನೂ ಮನಸ್ಸಿಗೆ ಒಪ್ಪದ ಬಾಗಿಲನ್ನು ದಾಟಲು ಹೊರಡುವ ಸಂಭವವಿದೆ.

ಆದ್ದರಿಂದ ಒಪ್ಪಂದ ಹೀಗಿರಲಿ: ಹೊರಡುವುದೂ ಮರಳುವುದೂ ತಾಂಡೇಲನ ತೀರ್ಮಾನ. ದಡದಲ್ಲಿಯೇ ಬೇಡವೆಂದರೆ ಅವನಿಗೆ ಅರ್ಧ ದಿನದ ಕೂಲಿ, ಹೋಗಿ ಮರಳಿದರೆ ಪೂರ್ತಿ ಬಾಡಿಗೆ. ಇದನ್ನು ದೂರವಾಣಿಯಲ್ಲಿ ಹೇಳಿ, ಸಂದೇಶದಲ್ಲಿ ಬರೆದು ಕಳುಹಿಸಬೇಕು. ಈ ಮೊತ್ತವನ್ನು ನಷ್ಟವೆಂದು ಭಾವಿಸಬಾರದು. 'ಇಂದು ಬೇಡ' ಎಂದು ನಿರ್ಭಯವಾಗಿ ಹೇಳುವ ಸ್ವಾತಂತ್ರ್ಯವನ್ನು ಅವನಿಗೆ ಕೊಟ್ಟದ್ದರ ಬೆಲೆ ಅದು.

ನೀರಿನ ಮೇಲೆ ಪಾಲಿಸಬೇಕಾದ ನಿಯಮಗಳು

ತಲೆಗೆ ಟೊಪ್ಪಿ, ಸಾಕಷ್ಟು ಕುಡಿಯುವ ನೀರು, ಜಾರದ ಪಾದರಕ್ಷೆ, ಪ್ಲಾಸ್ಟಿಕ್ ಚೀಲದಲ್ಲಿಟ್ಟ ಮೊಬೈಲು ಜೊತೆಯಲ್ಲಿರಲಿ. ಎಲ್ಲಿಗೆ ಹೋಗುತ್ತಿದ್ದೇವೆ, ಎಷ್ಟು ಹೊತ್ತಿಗೆ ಮರಳುತ್ತೇವೆ ಎಂದು ದಡದಲ್ಲಿ ಒಬ್ಬರಿಗೆ ತಿಳಿಸಿರಬೇಕು. ಕಡಲಿನಲ್ಲಿ ಆಪತ್ತು ಒದಗಿದರೆ ಕರಾವಳಿ ರಕ್ಷಣಾ ಪಡೆಯ ಸಂಖ್ಯೆ 1554. ಸಾಮಾನ್ಯ ತುರ್ತು ಸಂಖ್ಯೆ 112.

ಹಿಡಿದ ಮೀನನ್ನು ತಾಂಡೇಲ ನೋಡುವ ಮೊದಲು ಮಕ್ಕಳು ಮುಟ್ಟಬಾರದು. ತೇಡೆ ಮೀನಿನ ಮುಳ್ಳು, ತೊರಕೆಯ ಬಾಲದ ಮುಳ್ಳು ವಿಷಕಾರಿ. ಚುಚ್ಚಿದರೆ ಗಾಯವನ್ನು ತೊಳೆದು, ಚರ್ಮ ತಾಳುವಷ್ಟು ಬಿಸಿಯಾದ ನೀರಿನಲ್ಲಿ ಅರ್ಧ ತಾಸಿಗಿಂತ ಹೆಚ್ಚು ಹೊತ್ತು ಮುಳುಗಿಸಿಟ್ಟರೆ ನೋವು ತಗ್ಗುತ್ತದೆ. ಬಳಿಕ ವೈದ್ಯರಿಗೆ ತೋರಿಸಬೇಕು. ಚೆಂಡಿನಂತೆ ಉಬ್ಬುವ ಮೀನನ್ನು ತಿನ್ನಲೇಬಾರದು. ಅದರ ವಿಷ ಬೇಯಿಸಿದರೂ ಹೋಗುವುದಿಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಕಡಲಾಮೆ, ಡಾಲ್ಫಿನ್, ಗರಗಸ ಮೀನು, ಕಡಲಕುದುರೆ ಮತ್ತು ದೈತ್ಯ ಗಾತ್ರಕ್ಕೆ ಬೆಳೆಯುವ ಒಂದು ಜಾತಿಯ ಮುರುಮೀನು ರಕ್ಷಿತ ಜೀವಿಗಳು. ಆಕಸ್ಮಿಕವಾಗಿ ಸಿಕ್ಕಿದರೆ ಒಡನೆ ನೀರಿಗೆ ಬಿಡಬೇಕು. ತಿನ್ನದ ಮೀನನ್ನೂ ಮರಿಗಳನ್ನೂ ಒದ್ದೆ ಕೈಯಿಂದ ಹಿಡಿದು ಬೇಗನೆ ಬಿಟ್ಟುಬಿಡುವುದು ಒಳ್ಳೆಯ ರೂಢಿ.

ಅಳಿವೆಯು ನಮಗೆ ಒಂದು ಮುಂಜಾನೆಯ ವಿಹಾರ. ಅಲ್ಲಿನವರಿಗೆ ಅದೇ ಅನ್ನ. ತೇಲುತ್ತಿರುವ ಬೆಂಡುಗಳು ಯಾರದೋ ಬಲೆಯ ಗುರುತು. ಪಂಜರಗಳಲ್ಲಿರುವುದು ಯಾರೋ ಸಾಲ ಮಾಡಿ ಸಾಕಿದ ಮೀನು. ಅಘನಾಶಿನಿಯಲ್ಲಿ ಇಳಿತದ ಹೊತ್ತಿಗೆ ಹೆಂಗಸರು ಬಳಚು ಆಯುತ್ತಿರುತ್ತಾರೆ. ಈ ಜಾಗಗಳಿಂದ ದೂರವಿದ್ದು ಗಾಳ ಹಾಕಬೇಕು. ತುಂಡಾದ ನೈಲಾನ್ ಹುರಿಯನ್ನು ನೀರಿಗೆ ಎಸೆಯದೆ ಮನೆಗೆ ತರಬೇಕು.

ಮುಂಬಯಿಯ ಮೊಗವೀರ ಬಂಧುಗಳ ಸಂಘಟನೆ ಶತಮಾನವನ್ನು ದಾಟಿದೆ. ಕಡಲನ್ನು ಬಲ್ಲ ಹಿರಿಯರು ನಮ್ಮ ನಡುವೆಯೇ ಇದ್ದಾರೆ. ಊರಿಗೆ ಹೊರಡುವ ಮುನ್ನ ಅವರಲ್ಲೊಬ್ಬರನ್ನು ವಿಚಾರಿಸಿದರೆ ನಂಬಿಗಸ್ತ ತಾಂಡೇಲನ ಹೆಸರು ದೊರೆಯುವುದು ಕಷ್ಟವಲ್ಲ. ಗಾಳಕ್ಕೆ ಒಂದು ಮೀನೂ ಬೀಳದೆ ಮರಳಿದ ಮಕ್ಕಳು ಮುಂದಿನ ರಜೆಯಲ್ಲಿ ಮತ್ತೆ ಹೋಗಬಹುದು. ಅವರು ಸುರಕ್ಷಿತವಾಗಿ ಮರಳಿ ದಡ ಸೇರುವಂತೆ ನೋಡಿಕೊಳ್ಳುವುದು ದೋಣಿ ಗೊತ್ತುಮಾಡುವ ಹಿರಿಯರ ಹೊಣೆ.