ಲೋಕಭಾಷೆಯಲ್ಲಿ ತತ್ತ್ವವಿಚಾರ: ಪಾದುವಾ ಮತ್ತು ಮಾನ್ವಿ

ಹದಿನಾರನೆಯ ಶತಮಾನದ ಇಟಲಿಯ ವಿಶ್ವವಿದ್ಯಾಲಯಗಳಲ್ಲಿ ತರ್ಕ, ತತ್ತ್ವಶಾಸ್ತ್ರ, ದೈವಶಾಸ್ತ್ರಗಳ ಬೋಧನೆ ಲ್ಯಾಟಿನ್ನಿನಲ್ಲಿ ನಡೆಯುತ್ತಿತ್ತು. ಜನರಾಡುವ ಇಟಾಲಿಯನ್ನಿಗೆ ಕಾವ್ಯದಲ್ಲಿ ದೊರೆತಿದ್ದ ಮನ್ನಣೆ ಶಾಸ್ತ್ರದಲ್ಲಿ ದೊರೆತಿರಲಿಲ್ಲ. ಈ ಮೇರೆಯನ್ನು ದಾಟಲು ಯತ್ನಿಸಿದವರಲ್ಲಿ, ಪಾದುವಾ ನಗರದಲ್ಲಿ 1540ರಲ್ಲಿ ಸ್ಥಾಪಿತವಾದ ‘ಇನ್‌ಫಿಯಮ್ಮಾತಿ’ ಎಂಬ ವಿದ್ವದ್ಗೋಷ್ಠಿಯವರು ಪ್ರಮುಖರು. ಅವರಲ್ಲೊಬ್ಬನಾದ ಸ್ಪೆರೋನೆ ಸ್ಪೆರೋನಿ ಭಾಷೆಗಳನ್ನು ಕುರಿತು ಬರೆದ ಸಂವಾದವು 1542ರಲ್ಲಿ ಅಚ್ಚಾಯಿತು. ಸತ್ಯವು ಯಾವುದೇ ಒಂದು ಭಾಷೆಯ ಸೊತ್ತಲ್ಲ. ಪರಭಾಷೆಗಳ ಕಲಿಕೆಯಲ್ಲೇ ಯೌವನ ಕಳೆದರೆ ವಿಷಯವನ್ನು ಚಿಂತಿಸಲು ಕಾಲವೆಲ್ಲಿ ಎಂಬ ವಾದವನ್ನು ಅದರಲ್ಲಿ ತತ್ತ್ವಜ್ಞ ಪೊಂಪೊನಾತ್ಸಿಯ ಪಾತ್ರವು ಮಂಡಿಸುತ್ತದೆ. ಆಂತೋನಿಯೊ ತ್ರಿದಾಪಾಲೆಯ ತರ್ಕಗ್ರಂಥವು 1547ರಲ್ಲಿ ವೆನಿಸ್ಸಿನಲ್ಲೂ, ಮುಂದೆ ಆರ್ಚ್‌ಬಿಷಪ್ ಆದ ಅಲೆಸ್ಸಾಂದ್ರೊ ಪಿಕ್ಕೊಲೊಮಿನಿಯ ತರ್ಕಗ್ರಂಥವು 1551ರಲ್ಲಿ ರೋಮಿನಲ್ಲೂ ಇಟಾಲಿಯನ್ನಿನಲ್ಲೇ ಪ್ರಕಟವಾದವು.

ಇದೇ ಕಾಲದಲ್ಲಿ ಸಭೆಯು ಬೇರೊಂದು ದಾರಿ ಹಿಡಿಯಿತು. ನಾಲ್ಕನೆಯ ಪೌಲ್ ಪೋಪರು 1559ರಲ್ಲಿ ಹೊರಡಿಸಿದ ನಿಷಿದ್ಧ ಗ್ರಂಥಗಳ ಪಟ್ಟಿಯು ಲೋಕಭಾಷೆಯ ಸತ್ಯವೇದವನ್ನು ಅನುಮತಿಯಿಲ್ಲದೆ ಮುದ್ರಿಸುವುದನ್ನೂ ಇಟ್ಟುಕೊಳ್ಳುವುದನ್ನೂ ತಡೆಯಿತು. ಹೀಗೆ ಅರಿಸ್ಟಾಟಲನ ಅನುಮಾನಕ್ರಮವನ್ನು ತನ್ನ ನುಡಿಯಲ್ಲಿ ಓದಬಹುದಾಗಿದ್ದ ಗೃಹಸ್ಥನಿಗೆ ಸುವಾರ್ತೆಯನ್ನು ಅದೇ ನುಡಿಯಲ್ಲಿ ಓದಲು ಅಪ್ಪಣೆ ಬೇಕಾಯಿತು.

ಪಾಂಡಿತ್ಯದ ಭಾಷೆಗೂ ಆಡುನುಡಿಗೂ ನಡುವಿನ ಈ ತಿಕ್ಕಾಟ ನಮ್ಮ ಸೀಮೆಗೂ ಹೊಸತಲ್ಲ. ಸಿಂಧನೂರಿನಿಂದ ಜವಳಗೇರಾ ಮಾರ್ಗವಾಗಿ ರಾಯಚೂರಿನತ್ತ ಸಾಗಿದರೆ ಮಾನ್ವಿ ಸಿಗುತ್ತದೆ. ಅಲ್ಲಿ ನೆಲೆಸಿದ್ದ ಜಗನ್ನಾಥದಾಸರು (1728–1809) ಪೂರ್ವಾಶ್ರಮದಲ್ಲಿ ಶ್ರೀನಿವಾಸಾಚಾರ್ಯರೆಂಬ ಸಂಸ್ಕೃತ ವಿದ್ವಾಂಸರು. ಕನ್ನಡದಲ್ಲಿ ಹಾಡುವ ದಾಸರನ್ನು ಅವರು ಮೊದಲು ಕಡೆಗಣಿಸಿದ್ದರೆಂದೂ, ವ್ಯಾಧಿಗೆ ತುತ್ತಾಗಿ ವಿಜಯದಾಸರ ಮೊರೆಹೊಕ್ಕು ಗೋಪಾಲದಾಸರ ಅನುಗ್ರಹದಿಂದ ಗುಣಹೊಂದಿದರೆಂದೂ ಸಂಪ್ರದಾಯ ಹೇಳುತ್ತದೆ. ಆ ಬಳಿಕ ಅವರು ರಚಿಸಿದ ‘ಹರಿಕಥಾಮೃತಸಾರ’ವು ಮಧ್ವಸಿದ್ಧಾಂತದ ಭೇದ, ತಾರತಮ್ಯ, ಬಿಂಬ-ಪ್ರತಿಬಿಂಬ ಭಾವಗಳನ್ನು ಭಾಮಿನಿ ಷಟ್ಪದಿಯಲ್ಲಿ ಕ್ರಮವಾಗಿ ನಿರೂಪಿಸುತ್ತದೆ.

ಈ ಎರಡು ನಿದರ್ಶನಗಳು ಒಂದೇ ಅಲ್ಲ. ಇಟಲಿಯವರದು ಗದ್ಯ, ಅದರ ಗುರಿ ತರ್ಕ. ದಾಸರದು ಪದ್ಯ, ಅದರ ಗುರಿ ಭಕ್ತಿ. ಆದರೆ ಎರಡೂ ಕಡೆ ಪಾರಿಭಾಷಿಕ ಪದಗಳು ಬಹುಮಟ್ಟಿಗೆ ಹಳೆಯ ಶಾಸ್ತ್ರಭಾಷೆಯಿಂದಲೇ ಬಂದವು. ವಾಕ್ಯ ಮಾತ್ರ ಆಡುನುಡಿಯದು. ಮನೆಯಲ್ಲಿ ಮಕ್ಕಳನ್ನಾಡಿಸುವ ಹೊತ್ತೂ ದೈವಸ್ಮರಣೆಯ ಹೊತ್ತೆಂದು ದಾಸರು ಬೋಧಿಸುವಾಗ, ಸಿದ್ಧಾಂತವು ಸರಳವಾಗುವುದಷ್ಟೇ ಅಲ್ಲ, ಎಲ್ಲಿ ಆಚರಣೆಗೆ ಬರಬೇಕೋ ಅಲ್ಲಿಗೇ ತಲುಪುತ್ತದೆ. ಲೋಕಭಾಷೆಯನ್ನು ಬರಿಯ ವಾಹನವೆಂದು ಕಾಣುವವರು ಇದನ್ನು ಗಮನಿಸಬೇಕು.

ನಮ್ಮ ಸ್ಥಿತಿ ಇಟಲಿಯದಕ್ಕೆ ತಿರುವುಮುರುವು. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮೊದಲಾದವರ ಶ್ರಮದಿಂದ ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲೇ ಸತ್ಯವೇದವು ಕನ್ನಡಕ್ಕೆ ಬಂದಿತು. ಆದರೆ ಅದರ ಮೇಲಿನ ತರ್ಕಬದ್ಧ ವಿಚಾರವನ್ನು ನಾವು ಇಂದಿಗೂ ಬಹುಮಟ್ಟಿಗೆ ಇಂಗ್ಲಿಷಿನಲ್ಲಿ ಓದಿ, ಪ್ರಸಂಗಪೀಠದಲ್ಲಿ ಕನ್ನಡಿಸುತ್ತೇವೆ. ಹೀಗೆ ಕನ್ನಡಿಸುವಾಗ ತೀರ್ಮಾನ ಸಭಿಕರಿಗೆ ಮುಟ್ಟುತ್ತದೆ, ಅದಕ್ಕೆ ಒಯ್ದ ಯುಕ್ತಿ ಅಧ್ಯಯನಕೊಠಡಿಯಲ್ಲೇ ಉಳಿಯುತ್ತದೆ. ಕಾರಣವನ್ನು ಕೇಳಿಸಿಕೊಳ್ಳದ ಸಭೆಯು ಒಪ್ಪಬಲ್ಲದು ಇಲ್ಲವೆ ಬಿಡಬಲ್ಲದು, ವಿಚಾರಿಸಲಾರದು. ತಮ್ಮಲ್ಲಿರುವ ನಿರೀಕ್ಷೆಗೆ ಆಧಾರವೇನೆಂದು ಕೇಳುವವರಿಗೆ ಉತ್ತರ ಕೊಡಲು ಪೇತ್ರನು ಸಿದ್ಧಗೊಳಿಸಬಯಸಿದ್ದು ಪಂಡಿತರನ್ನಷ್ಟೇ ಅಲ್ಲ, ಇಡೀ ಸಭೆಯನ್ನು. ಆ ಉತ್ತರವನ್ನು ಕನ್ನಡದಲ್ಲೇ ಯೋಚಿಸಿ ಕಟ್ಟುವ ಕೆಲಸ ನಮ್ಮ ಪಾಲಿಗೆ ಉಳಿದಿದೆ.